ಕೂಗುಮನೆಗೆ ಬಂದ ಚೀಟಿ

ನಮ್ಮೂರಿನ ರೇಡಿಯೋ ಕೇಂದ್ರಕ್ಕೆ ಅರವತ್ತು ವರ್ಷ ತುಂಬಿತು, ಅದರ ಇತಿಹಾಸ ಬರೆದುಕೊಡಿ ಚೌಡಮ್ಮನವರೇ ಎಂದು ಪುರಸಭೆಯವರು ಮನೆಗೇ ಬಂದು ಕೇಳಿದರು. ಇತಿಹಾಸ ಎಂದರೆ ಅವರ ಲೆಕ್ಕದಲ್ಲಿ ಕಂಬದ ಎತ್ತರ, ಉದ್ಘಾಟನೆಗೆ ಬಂದವರ ಹೆಸರು, ಯಾವ ಯಂತ್ರ ಯಾವಾಗ ಬಂತು, ಇಷ್ಟೇ. ಆಯಿತಪ್ಪ, ಅದನ್ನೂ ಬರೆಯುತ್ತೇನೆ. ಕಂಬದ ಎತ್ತರ ನೂರಿಪ್ಪತ್ತು ಅಡಿ. ಉದ್ಘಾಟನೆಗೆ ಬರಬೇಕಾಗಿದ್ದ ದೊಡ್ಡ ಮನುಷ್ಯರು ದಾರಿ ತಪ್ಪಿ ಬೇರೆ ಊರಿಗೆ ಹೋಗಿ ಅಲ್ಲಿ ಹಾರ ಹಾಕಿಸಿಕೊಂಡು ವಾಪಸಾದರು. ಯಂತ್ರ ಮೊದಲ ದಿನದಿಂದ ಇವತ್ತಿನವರೆಗೂ ಒಂದೇ, ಬಿಡಿಭಾಗ ಮಾತ್ರ ಒಂದೂ ಹಳೆಯದಲ್ಲ. ಇಲ್ಲಿಗೆ ಪುರಸಭೆಯವರ ಇತಿಹಾಸ ಮುಗಿಯಿತು. ಇನ್ನು ನನ್ನ ಬಾಯಿಗೆ ಬಂದಂತೆ ಹೇಳುತ್ತೇನೆ. ಮೂವತ್ತೊಂದು ವರ್ಷ ಅಲ್ಲಿ ಕೂತು ಕೂಗಿದವಳು ನಾನು, ಅಷ್ಟು ಹಕ್ಕು ನನಗಿದೆ.

ನಮ್ಮೂರಲ್ಲಿ ಸದ್ದು ಹತ್ತು ಹೆಜ್ಜೆ ಹೋಗುತ್ತದೆ. ಹನ್ನೊಂದನೆಯ ಹೆಜ್ಜೆಯಲ್ಲಿ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಮಾತಾಗಲಿ, ಗಂಟೆಯಾಗಲಿ, ಬಸ್ಸಿನ ಹಾರನ್ ಆಗಲಿ, ಎಲ್ಲಕ್ಕೂ ಅಷ್ಟೇ. ನಾನು ಹೊರಗಿನವಳು. ತವರಿನಲ್ಲಿ ನಾನು ಬಾಯಿಬಿಟ್ಟರೆ ಮೂರು ಹೊಲದಾಚೆಯ ಎಮ್ಮೆ ತಲೆಯೆತ್ತುತ್ತಿತ್ತು. "ಹೆಣ್ಣುಮಕ್ಕಳಿಗೆ ಯಾಕೆ ಬೇಕಿತ್ತೋ ಈ ಗಂಟಲು, ಯಾವನು ಕಟ್ಕೊಂತಾನೆ ಇವಳನ್ನ" ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಲಾರಿ ಓಡಿಸುತ್ತಿದ್ದ ಕೊಟ್ರೇಶ ಕಟ್ಟಿಕೊಂಡ. ಮದುವೆಯಾಗಿ ಬಸ್ಸಿಳಿದ ದಿನ ಅವನು ಟ್ರಂಕು ಹೊತ್ತು ಮುಂದೆ ನಡೆದ. ನಾನು ಹಿಂದಿನಿಂದ, "ರೀ, ಸ್ವಲ್ಪ ನಿಧಾನ" ಎಂದು ಕೂಗಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಊಹೂಂ. ಅಯ್ಯೋ ನನ್ನ ಹಣೆಬರಹವೇ, ಕಿವುಡನಿಗೆ ಕೊಟ್ಟುಬಿಟ್ಟರಲ್ಲ ಎಂದು ರಸ್ತೆಯಲ್ಲೇ ಕೂತು ಅತ್ತೆ. ಹದಿನೈದು ಹೆಜ್ಜೆ ಮುಂದಿದ್ದ ಆ ಪುಣ್ಯಾತ್ಮನಿಗೆ ನನ್ನ ಅಳುವೂ ಕೇಳಿಸಲಿಲ್ಲ.

ಅಭ್ಯಾಸವಾಗಲು ಒಂದು ವರ್ಷ ಹಿಡಿಯಿತು. ಇಲ್ಲಿ ಜಗಳ ಬಂದರೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾ ಹೋಗುತ್ತಾರೆ. ಹನ್ನೊಂದು ಹೆಜ್ಜೆ ಆದಾಗ ಬಯ್ಗುಳ ತಾನಾಗಿ ನಿಲ್ಲುತ್ತದೆ, ಬಾಯಿ ಮಾತ್ರ ಆಡುತ್ತಿರುತ್ತದೆ. ಮದುವೆಯ ವಾಲಗದವರು ಚಪ್ಪರದ ತುಂಬಾ ಓಡಾಡುತ್ತಾ ಊದಬೇಕು, ಇಲ್ಲದಿದ್ದರೆ ಹಿಂದಿನ ಸಾಲಿನವರು ಮುನಿಸಿಕೊಳ್ಳುತ್ತಾರೆ. ಇನ್ನು ಈ ಊರಿನವರಿಗೆ ಪಿಸುಗುಟ್ಟಲು ಬರುವುದಿಲ್ಲ. ಯಾರ ಮೇಲಾದರೂ ಚಾಡಿ ಹೇಳಬೇಕಿದ್ದರೆ ಕಣ್ಣಲ್ಲೇ ಹೆಜ್ಜೆ ಎಣಿಸುತ್ತಾರೆ. ಹನ್ನೊಂದು ಆಯಿತೋ, ಪೂರ್ತಿ ಗಂಟಲಲ್ಲಿ ಶುರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೇಂದ್ರ ಬರುವ ಮುಂಚೆ ಇಲ್ಲಿ ಸಾಲುಕೂಗು ಎಂಬುದಿತ್ತು. ಹತ್ತು ಹೆಜ್ಜೆಗೊಬ್ಬರು ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು. ಬಾಯಿಂದ ಬಾಯಿಗೆ ಹೋಗುವ ಮಾತು ಹೊರಟಂತೆಯೇ ತಲುಪಿದ್ದುಂಟೇ? ರೇಡಿಯೋ ರಿಪೇರಿಯ ದಸ್ತಗೀರ್ ಸಾಬರ ಹೆಂಡತಿಗೆ ಹೆರಿಗೆ ನೋವು ಬಂದಾಗ ಸೂಲಗಿತ್ತಿಗೆ ಹೇಳಿಕಳಿಸಿದರೆ, ಉಳಿ, ಕೊಡತಿ ಹಿಡಿದುಕೊಂಡು ಬಡಗಿ ಬಂದು ನಿಂತನಂತೆ. ಪಾಪ, ಕೊನೆಗೆ ಅವನೇ ಕೈಕಾಲು ತೊಳೆದುಕೊಂಡು ಮಗುವನ್ನು ಎತ್ತಿಕೊಂಡನಂತೆ. ತಾಯಿ ಮಗು ಚೆನ್ನಾಗಿದ್ದರು. ಆದರೆ ಸಾಬರು ಮಾತ್ರ, "ಇನ್ನೊಂದು ಸಲ ಈ ಪಂಚೇತಿ ಬ್ಯಾಡ" ಎಂದು ಅವತ್ತೇ ಹಠ ತೊಟ್ಟರು. ಬಾಗಿಲು ಹಾಕಿದ್ದ ಹತ್ತಿ ಮಿಲ್ಲಿನ ಗೋದಾಮಿನಲ್ಲಿ, ಊರಿನಿಂದ ಒಂದು ಮೈಲಿ ಆಚೆ, ಎಲ್ಲೆಲ್ಲಿಂದಲೋ ತಂದ ಸಾಮಾನಿನಿಂದ ಯಂತ್ರ ಕಟ್ಟಿದರು. ಕಂಬದ ಸುತ್ತ ನೆಲದೊಳಗೆ ತಾಮ್ರದ ತಂತಿ ಹೂಳಬೇಕು, ಅಂದರೆ ಮಾತು ದೂರ ಹೋಗುತ್ತದೆ ಎಂದರು. ತಾಮ್ರ ಎಲ್ಲಿಂದ ಬರಬೇಕು? ಮನೆಗೊಂದು ಚೊಂಬು ಬಂತು. ಕರಗಿಸಿ ತಂತಿ ಎಳೆಸಿ ಹೂಳಿದರು. ಇವತ್ತಿಗೂ ಆ ಹೊಲದಲ್ಲಿ ನಡೆಯುವಾಗ ನಾನು ಚಪ್ಪಲಿ ಬಿಡುತ್ತೇನೆ. ಊರಿನ ಅಷ್ಟೂ ಅಜ್ಜಿಯರ ಚೊಂಬು ಅದರ ಕೆಳಗಿದೆ.

ಹೀಗೆ ಮೀಡಿಯಂ ವೇವಿನಲ್ಲಿ ನಮ್ಮ ಕೇಂದ್ರ ಹುಟ್ಟಿತು. ಬೋರ್ಡಿನ ಮೇಲೆ ಪುರಸಭಾ ಬಾನುಲಿ ಕೇಂದ್ರ ಎಂದಿದೆ. ಜನ ಕರೆಯುವುದು ಕೂಗುಮನೆ ಎಂದು. ಮನೆಗೊಂದು ರೇಡಿಯೋ ಬಂತು, ಬೀದಿಯಲ್ಲಿ ಇಪ್ಪತ್ತು ಹೆಜ್ಜೆಗೊಂದರಂತೆ ಮರಕ್ಕೆ, ಕಂಬಕ್ಕೆ ನೇತುಹಾಕಿದರು. ಬೆಳಿಗ್ಗೆ ಸುದ್ದಿ, ಮಧ್ಯಾಹ್ನ ಹಾಡು ಮತ್ತು ಸಂತೆ ಧಾರಣೆ. ಸಂಜೆ ಐದೂವರೆಗೆ ಕರೆಹೊತ್ತು. ಮನೆಯ ಹಿರಿಯರು ಚೀಟಿ ಬರೆದು ಡಬ್ಬಿಗೆ ಹಾಕಿದರೆ, ಪಾಲಾಕ್ಷಪ್ಪ ಮೇಷ್ಟ್ರು ಒಂದೊಂದಾಗಿ ಓದುತ್ತಿದ್ದರು. "ಹೂವಿನ ಪೇಟೆಯ ಶಾರದಮ್ಮನವರ ಮೊಮ್ಮಗ ಮಹಾದೇವ, ಆಟ ಸಾಕು, ಮನೆಗೆ ಬಾ." ಕೆರೆಯ ದಂಡೆ, ಹೊಲ, ಗರಡಿ, ಎಲ್ಲೆಲ್ಲಿದ್ದವರೂ ಎದ್ದು ಮಣ್ಣು ಕೊಡವಿಕೊಂಡು ಮನೆಗೆ ಹೊರಡುತ್ತಿದ್ದರು. ಕರೆಗೆ ಮಾತಿನಲ್ಲಿ ಉತ್ತರ ಕೊಡುವ ಪದ್ಧತಿ ಇಲ್ಲ, ಹೋಗಿ ನಿಲ್ಲುವುದೇ ಉತ್ತರ. ಕರೆದವರು ಮುಂಬಾಗಿಲಲ್ಲಿ ನಿಂತು ಕಾಯಬೇಕು.

ಇದರಿಂದ ಒಂದು ಕಟ್ಟಳೆ ಬೆಳೆಯಿತು. ಒಂದು ಸಲ ಕೂಗುಮನೆಯಿಂದ ಕರೆಸಿಕೊಂಡವರು ಜೀವನವಿಡೀ ಮುಂಬಾಗಿಲಿನವರು. ಕರೆಸಿಕೊಳ್ಳದವರಿಗೆ ಹಿತ್ತಲ ಬಾಗಿಲು. ಹೊಸ ಸೊಸೆ ಬಂದರೆ ಮೊದಲ ವಾರದಲ್ಲೇ ಅತ್ತೆ ಚೀಟಿ ಹಾಕುತ್ತಾಳೆ, ಅಕ್ಕಪಕ್ಕದವರಿಗೆ ಸಕ್ಕರೆ ಹಂಚುತ್ತಾಳೆ. ನನ್ನ ಅತ್ತೆ ಹಾಲಮ್ಮ ಹಾಕಲಿಲ್ಲ. ಮಗ ಕೇಳದೆ ಆರಿಸಿದ ಹೆಣ್ಣು, ಬಾಯಿ ಬೇರೆ ಬಜಾರಿ, ಸಿಟ್ಟಿರಬೇಕು ಎಂದುಕೊಂಡೆ. ವಾರವಾಯಿತು, ತಿಂಗಳಾಯಿತು, ಒಂಬತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಹಿತ್ತಲಿನಿಂದ ಬಳಸಿಕೊಂಡು ಬಂದು ಮುಂಬಾಗಿಲಿಗೆ ರಂಗೋಲಿ ಹಾಕಿ, ಬಳಸಿಕೊಂಡೇ ಒಳಗೆ ಹೋಗುತ್ತಿದ್ದೆ. ಕೊಟ್ರೇಶ ಲಾರಿಯಿಂದ ಬಂದಾಗ ಒಮ್ಮೊಮ್ಮೆ, "ಅವ್ವಾ, ಒಂದು ಚೀಟಿ" ಎನ್ನುತ್ತಿದ್ದ. ಅವರು ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ನನಗೂ ಛಲ. ಕೇಳುವುದಿಲ್ಲ, ಸಾಯಲಿ ಎಂದುಕೊಂಡೆ. ಆದರೆ ನಿಜ ಹೇಳಲೇ? ಪ್ರತಿ ಸಂಜೆ ಕಿವಿ ರೇಡಿಯೋದ ಕಡೆಗೇ ಇರುತ್ತಿತ್ತು.

ಹೊಟ್ಟೆಯುರಿಗೆ ತುಪ್ಪ ಸುರಿದಂತೆ ನನಗೆ ಕೆಲಸ ಸಿಕ್ಕಿದ್ದೂ ಕೂಗುಮನೆಯಲ್ಲೇ. ಹಾಡಿನ ರೆಕಾರ್ಡು ಒರೆಸುವುದು, ಬಂದ ಚೀಟಿಗಳನ್ನು ಬೀದಿವಾರು ಜೋಡಿಸಿ ಮೇಷ್ಟ್ರ ಮುಂದಿಡುವುದು. ಪಾಲಾಕ್ಷಪ್ಪ ಮೇಷ್ಟ್ರು ದೇವರಂಥ ಮನುಷ್ಯ ಎಂದರೆ ಅವರಿಗೇ ಸಿಟ್ಟು ಬರುತ್ತಿತ್ತು, ಆದರೂ ಹೇಳುತ್ತೇನೆ. ನನ್ನ ಗಂಟಲನ್ನು ಜೀವಮಾನದಲ್ಲಿ ಮೊದಲು ಹೊಗಳಿದವರು ಅವರು. "ಒಳ್ಳೇ ಗಂಟಲು ಕಣಮ್ಮ ನಿಂದು. ಮುಚ್ಚಿಡಬ್ಯಾಡ" ಎಂದರು. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಹಾಡಿಕೊಂಡು ಹೋದೆ, ಹೇಗೂ ಹತ್ತು ಹೆಜ್ಜೆ ತಾನೇ.

ಕೇಂದ್ರಕ್ಕೆ ಇಪ್ಪತ್ತೊಂಬತ್ತು ವರ್ಷವಾದಾಗ ಮೇಷ್ಟ್ರ ಗಂಟಲು ಕೆಟ್ಟಿತು. ಇನ್ನು ಮೇಲೆ ಕೂಗಿದರೆ ಇರುವ ದನಿಯೂ ಹೋಗುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಪುರಸಭೆಯವರು ಬೇರೆ ದನಿ ಹುಡುಕಿದರು. ಹೆಡ್‌ಮಾಸ್ತರರು ಎರಡು ಚೀಟಿ ಓದಿ ಮೂರನೆಯದಕ್ಕೆ ವ್ಯಾಕರಣ ತಿದ್ದಲು ಕೂತರು. ನಾಟಕದ ರಾಜನ ಪಾರ್ಟಿನವನು ಮಕ್ಕಳನ್ನು ಮನೆಗೆ ಕರೆದ ರೀತಿಗೆ ಮಕ್ಕಳು ಹೆದರಿ ಬಚ್ಚಿಟ್ಟುಕೊಂಡವು. ಯುಗಾದಿಯೊಳಗೆ ಯಾರೂ ಸಿಗದಿದ್ದರೆ ಬಾಗಿಲು ಹಾಕುವುದು, ಕಂಬ ಇಳಿಸುವುದು ಎಂದು ತೀರ್ಮಾನವಾಯಿತು. "ಚೌಡಮ್ಮ ಇದ್ದಾಳಲ್ರೀ" ಎಂದರು ಮೇಷ್ಟ್ರು. ಆದರೆ ಕರೆಸಿಕೊಳ್ಳದವರು ಕರೆಯುವಂತಿಲ್ಲ. ಅದೂ ಕಟ್ಟಳೆಯೇ. ಯುಗಾದಿಗೆ ಉಳಿದದ್ದು ಎಂಟು ದಿನ. ನಮ್ಮತ್ತೆಯ ಒಂದು ಚೀಟಿ ಬಂದರೆ ನನಗೆ ಕೆಲಸ, ಊರಿಗೆ ಕೂಗುಮನೆ. ಬರದಿದ್ದರೆ ಎರಡೂ ಇಲ್ಲ.

ಮೇಷ್ಟ್ರು ಅತ್ತೆಯನ್ನು ಬರಹೇಳಿದರು. ಒಂದು ಮಧ್ಯಾಹ್ನ, ಹಾಡಿನ ಹೊತ್ತಿನಲ್ಲಿ, ಅವರು ಕೋಲೂರಿಕೊಂಡು ಬಂದರು. ನನ್ನ ಮುಖ ನೋಡದೆ ಮೈಕಿನ ಕೋಣೆಗೆ ಹೋದರು. ನಾನು ಹೊರಕೋಣೆಯಲ್ಲಿ ರೆಕಾರ್ಡು ಒರೆಸುತ್ತಾ ಕೂತಿದ್ದೆ. ಪಕ್ಕದಲ್ಲಿ, ಊರಿಗೆ ಏನು ಹೋಗುತ್ತಿದೆ ಎಂದು ಕೇಳಿಸಿಕೊಳ್ಳಲು ಇಟ್ಟ ರೇಡಿಯೋ. ಮೇಷ್ಟ್ರು ಒಂದು ಹಾಡು ಹಾಕಿದ್ದರು. ಮೂರು ನಿಮಿಷಕ್ಕೆ ಹಾಡು ಮುಗಿಯಿತು. ಮುಗಿದ ಮೇಲೆ ಕರಕರ ಸದ್ದು ಬರಬೇಕಿತ್ತು, ಬಂದದ್ದು ಮೇಷ್ಟ್ರ ದನಿ.

"ಅವಳಾ? ಆಚೆ ಕೋಣೇಲಿದ್ದಾಳೆ. ಹನ್ನೊಂದು ಹೆಜ್ಜೆ ಇದೆ, ನಾನೇ ಎಣಿಸಿದ್ದೀನಿ. ಧೈರ್ಯವಾಗಿ ಮಾತಾಡಿ ಹಾಲಮ್ಮ."

ಇಪ್ಪತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತ ಮನುಷ್ಯ! ಹೆಜ್ಜೆ ಎಣಿಸಿದರು, ಮೂಗಿನ ಕೆಳಗಿದ್ದ ಮೈಕಿನ ಗುಂಡಿ ಆರಿಸುವುದನ್ನು ಮರೆತರು. ಇಂಥ ತಪ್ಪನ್ನು ನಮ್ಮೂರಿನವರು ಮಾತ್ರ ಮಾಡಬಲ್ಲರು. ನಾನು ಎದ್ದು ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ. ರೇಡಿಯೋಗೆ ಕಿವಿ ಹಚ್ಚಿ ಕೂತೆ.

"ಒಂದು ಚೀಟಿ ಹಾಲಮ್ಮ. ಒಂದೇ ಒಂದು. ಅವಳ ಮೇಲೆ ನಿಮಗೇನು ಅಂಥಾ ಸಿಟ್ಟು?"

"ಸಿಟ್ಟಾ? ಯಾರು ಹೇಳಿದ್ದು ಸಿಟ್ಟು ಅಂತ?" ಅತ್ತೆಯ ದನಿ ಊರಿನ ಎಲ್ಲ ರೇಡಿಯೋದಲ್ಲೂ ಬರುತ್ತಿತ್ತು. "ಬಾಯಿ ಜೋರು, ಒಪ್ಕೊಂತೀನಿ. ಸಾರಿಗೆ ಎರಡು ಸಲ ಉಪ್ಪು ಹಾಕ್ತಾಳೆ, ಅದೂ ನಿಜ. ಹೋದ ವರ್ಷ ನನಗೆ ಜ್ವರ ಬಂದಾಗ ಹದಿನಾಲ್ಕು ದಿನ ನನ್ನ ಕಾಲ ಹತ್ರಾನೇ ಮಲಗಿದ್ಲು ಮೇಷ್ಟ್ರೇ. ಹೆತ್ತ ಮಗಳಾದ್ರೂ ಮಾಡ್ತಿದ್ಲೋ ಇಲ್ವೋ." ಕೋಲು ನೆಲಕ್ಕೆ ಕುಟ್ಟಿದ ಸದ್ದು ಬಂತು. ಆಮೇಲೆ, "ನಿಮಗೆ ಗೊತ್ತಿಲ್ವಾ? ಆವತ್ತು ಓದಿದ್ದು ನೀವೇ ಅಲ್ವಾ?"

"ನಾನೇ" ಎಂದರು ಮೇಷ್ಟ್ರು. "ಮೂರು ಸಲ ಓದಿದೆ."

"ಮೂರು ಸಲ ಕರೆಸಿದೆ ನಮ್ಮ ಅನಸೂಯನ್ನ. ಮುಂಬಾಗ್ಲಲ್ಲಿ ನಿಂತೇ ಇದ್ದೆ. ಊರ ಮಕ್ಕಳೆಲ್ಲ ಅವರವರ ಮನೆಗೆ ಬಂದ್ವು. ದೀಪ ಹಚ್ಚೋ ಹೊತ್ತಾಯ್ತು. ಕೆರೆ ಕಡೆಯಿಂದ ಜನ ಬಂದ್ರು, ಅವಳು ಬರ್ಲಿಲ್ಲ. ಆವತ್ತಿಂದ ಆ ಡಬ್ಬಿಗೆ ಚೀಟಿ ಹಾಕಿಲ್ಲ ನಾನು. ಕರೆದ್ರೆ ಕಾಯ್ಬೇಕಾಗ್ತದೆ. ಇವಳು ಹಿತ್ತಲಿಂದ ಬರ್ತಾಳೆ, ಪಾತ್ರೆ ಸದ್ದಾಗ್ತದೆ, ಓ ಬಂದ್ಲು ಅಂತ ಎದ್ದು ಅನ್ನಕ್ಕೆ ಕೂರ್ತೀನಿ. ಕರೆಯೋದಿಲ್ಲ, ಕಾಯೋದಿಲ್ಲ, ಬರ್ತಾಳೆ. ಹಂಗೇ ಇರ್ಲಿ ಬಿಡಿ. ಇವಳನ್ನೂ ಕರೆದು, ಇವಳೂ ಬರದಿದ್ರೆ ನನ್ನ ಕೈಲಿ ಆಗಲ್ಲ."

ಗಂಡನ ತಂಗಿ ಅನಸೂಯ ಕೆರೆಯಲ್ಲಿ ಮುಳುಗಿ ಹೋದಳೆಂದು ನನಗೆ ಗೊತ್ತಿತ್ತು. ಕೊಟ್ರೇಶ ಹೇಳಿದ್ದು ಅಷ್ಟೇ. ಚೀಟಿಯ ವಿಷಯ, ಬಾಗಿಲಲ್ಲಿ ನಿಂತ ವಿಷಯ ಯಾರೂ ಬಾಯಿಬಿಟ್ಟಿರಲಿಲ್ಲ. ಒಂಬತ್ತು ವರ್ಷ ನಾನು ಪಾತ್ರೆಗಳನ್ನು ಸಿಟ್ಟಿನಿಂದ ಕುಕ್ಕುತ್ತಿದ್ದೆ. ಆ ಸದ್ದಿಗೋಸ್ಕರ ನಡುಮನೆಯಲ್ಲಿ ಒಂದು ಜೀವ ಹಸಿದುಕೊಂಡು ಕೂತಿರುತ್ತಿತ್ತು ಎಂದು ನನಗೆ ಹೇಗೆ ಗೊತ್ತಾಗಬೇಕು? ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಎದ್ದೆ, ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ನೀವು ಕರೀರಿ ಅತ್ತೆ. ನಾನು ಬಂದೇ ಬರ್ತೀನಿ" ಎಂದೆ.

ಅವರು ನನ್ನನ್ನು ನೋಡಿದರು, ನನ್ನ ಹಿಂದಿನ ಬಾಗಿಲು ನೋಡಿದರು, ಹೆಜ್ಜೆ ಎಣಿಸಿದರು. ಆಮೇಲೆ ಮೈಕು ನೋಡಿದರು. "ಅಯ್ಯೋ ಶಿವನೇ" ಎಂದು ಮೇಷ್ಟ್ರು ಗುಂಡಿಯ ಮೇಲೆ ಬಿದ್ದರು. ಅಷ್ಟೂ ಊರಿಗೆ ಕೇಳಿಸಿ ಆಗಿತ್ತು. ಅತ್ತೆ ಕೋಲು ತೆಗೆದುಕೊಂಡು ಹೊರಟುಹೋದರು. ಆಗ ಮೂರು ಗಂಟೆ.

ಸಂಜೆ ಐದಕ್ಕೆ ನಾನು ಡಬ್ಬಿ ತೆಗೆದೆ. ನಲವತ್ತೆರಡು ಚೀಟಿ. ಎಲ್ಲವನ್ನೂ ನೋಡಿದೆ, ಅಭ್ಯಾಸದಂತೆ ಡಬ್ಬಿಯ ತಳವನ್ನೂ ಕೈಯಾಡಿಸಿ ನೋಡಿದೆ. ನನ್ನ ಹೆಸರಿರಲಿಲ್ಲ. ಅವಮಾನ ಮಾಡಿಬಿಟ್ಟೆ ಮುದುಕಿಗೆ, ಇನ್ನು ಹಿತ್ತಲ ಬಾಗಿಲೂ ತೆಗೆಯಲಿಕ್ಕಿಲ್ಲ ಎಂದುಕೊಂಡೆ. ಐದೂವರೆಗೆ ಮೇಷ್ಟ್ರು ಶುರುಮಾಡಿದರು. ಮೊದಲ ಚೀಟಿ ಓದಿದರು. ಎರಡನೆಯದು ಅರ್ಧಕ್ಕೆ ಬಂದಾಗ ದನಿ ಬಿರಿಯಿತು. ಹೇಗೋ ಮುಗಿಸಿದರು. ಮೂರನೆಯದಕ್ಕೆ ಬಾಯಿ ತೆರೆದರೆ ಬರೀ ಗಾಳಿ ಬಂತು. ಚೀಟಿಯ ಕಟ್ಟನ್ನು ನನ್ನ ಕಡೆ ತಳ್ಳಿದರು. ನಾನು ಕೈಯಾಡಿಸಿ ಆಗುವುದಿಲ್ಲ ಎಂದೆ, ಕರೆಸಿಕೊಳ್ಳದವಳು ಹೇಗೆ ಕರೆಯಲಿ?

ಅಷ್ಟರಲ್ಲಿ ಬಾಗಿಲಲ್ಲಿ ಮೆಹರುನ್ನೀಸಾ ಟೀಚರು. ದಸ್ತಗೀರ್ ಸಾಬರ ಮಗಳು, ಆ ಬಡಗಿ ಎತ್ತಿಕೊಂಡ ಮಗುವೇ. ಸೈಕಲ್ಲು ತುಳಿದು ಬಂದ ರಭಸಕ್ಕೆ ಏದುಸಿರು ಬಿಡುತ್ತಿದ್ದರು. "ಹಾಲಮ್ಮಜ್ಜಿ ಹೇಳಿ ಬರೆಸಿದ್ರು. ಮೂರು ಸಲ ಹರಿದು ಹಾಕ್ಸಿದ್ರು, ಅದಕ್ಕೇ ತಡ ಆಯ್ತು" ಎಂದು ನನ್ನ ಕೈಗೆ ಒಂದು ಕಾಗದ ಕೊಟ್ಟರು. ಮೇಷ್ಟ್ರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಮೈಕನ್ನು ನನ್ನ ಕಡೆಗೆ ತಿರುಗಿಸಿದರು. ನಾನು ಓದಿದೆ.

"ಹಗೇವು ಬೀದಿಯ ಹಾಲಮ್ಮನವರ ಸೊಸೆ ಚೌಡಮ್ಮ, ಕೆಲಸ ಸಾಕು, ಮನೆಗೆ ಬಾ. ಮುಂಬಾಗಿಲು ತೆಗೆದಿದೆ."

ನನ್ನನ್ನು ಕರೆದ ದನಿ ನನ್ನದೇ. ಕರೆಸಿಕೊಳ್ಳದವಳು ಓದಿದ್ದು ಕರೆ ಹೌದೋ ಅಲ್ಲವೋ ಎಂದು ಪುರಸಭೆಯಲ್ಲಿ ಆಮೇಲೆ ಎರಡು ತಿಂಗಳು ಚರ್ಚೆ ನಡೆಯಿತು. ಇನ್ನೂ ಮುಗಿದಿಲ್ಲ, ಕಡತ ಎಲ್ಲೋ ಇದೆ. ನನಗೆ ಅದರ ಗೊಡವೆ ಇರಲಿಲ್ಲ. ಓದಿ ಮುಗಿಸಿದ ಮರುಕ್ಷಣ ಗಡಿಯಾರ ನೋಡಿದೆ. ಅತ್ತೆ ಈಗ ಬಾಗಿಲಿಗೆ ಬಂದು ನಿಂತಿರುತ್ತಾರೆ. ನನ್ನ ಮುಂದೆ ಇನ್ನೂ ನಲವತ್ತು ಚೀಟಿ.

ಎದ್ದು ಓಡಲೇ ಎನಿಸಿತು. ಆದರೆ ಒಂದೊಂದು ಚೀಟಿಯ ಹಿಂದೆಯೂ ಒಂದೊಂದು ಬಾಗಿಲು, ಬಾಗಿಲಲ್ಲಿ ಒಬ್ಬೊಬ್ಬರು. ಅವಸರದಲ್ಲಿ ಓದಿದರೆ ಯಾವ ಮಗುವಿನ ಹೆಸರು ತಪ್ಪಿಹೋಗುತ್ತದೋ. ಓದಿದೆ. ತವರಿನಲ್ಲಿ ಎಮ್ಮೆ ಕರೆಯುತ್ತಿದ್ದ ಗಂಟಲನ್ನು ಹದಕ್ಕೆ ತಂದುಕೊಂಡು, ಒಂದೊಂದು ಹೆಸರನ್ನೂ ಬಿಡಿಸಿ ಬಿಡಿಸಿ ಓದಿದೆ. ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕೊನೆಯದು ಮುಗಿದಾಗ ಆರೂಕಾಲು. "ಹೋಗು" ಎಂದು ಮೇಷ್ಟ್ರು ಕೈಯಲ್ಲೇ ಅಟ್ಟಿದರು. ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದೆ. ಚೊಂಬುಗಳ ಹೊಲದಲ್ಲಿ ಚಪ್ಪಲಿ ಬಿಟ್ಟವಳು ಮತ್ತೆ ಹಾಕಿಕೊಳ್ಳಲೂ ನಿಲ್ಲಲಿಲ್ಲ.

ಮನೆ ಇನ್ನೂ ದೂರ. ಹೊತ್ತು ಇಳಿಯುತ್ತಿತ್ತು, ಮನೆಗಳಲ್ಲಿ ದೀಪ ಹಚ್ಚಲು ಶುರುಮಾಡಿದ್ದರು. ಆ ದೀಪಗಳನ್ನು ನೋಡಿ, ಅನಸೂಯ ಬಾರದ ಸಂಜೆ ನೆನಪಾಗಿ ಇನ್ನೂ ಜೋರಾಗಿ ಓಡಿದೆ. "ಅತ್ತೇ, ಬಂದೆ!" ಎಂದು ಕೂಗಿಕೊಂಡೆ. ಪದ್ಧತಿ ಇಲ್ಲ, ಗೊತ್ತು. ಹತ್ತು ಹೆಜ್ಜೆಗೆ ಮಾತು ಬಿದ್ದುಹೋಗುತ್ತದೆ, ಅದೂ ಗೊತ್ತು. ಆದರೂ ಕೂಗಿದೆ. ಊರ ಬಾಗಿಲಿನ ಎಣ್ಣೆ ಗಾಣದ ಮುಂದೆ ಒಬ್ಬ ಮುದುಕ ನಿಂತಿದ್ದ. ಅವನು ನನ್ನನ್ನು ನೋಡಿದ, ಬೆನ್ನು ತಿರುಗಿಸಿ ಬೀದಿಯ ಒಳಕ್ಕೆ, "ಅತ್ತೇ, ಬಂದೆ!" ಎಂದ. ಹತ್ತು ಹೆಜ್ಜೆ ಮುಂದೆ ಬಾಗಿಲಲ್ಲಿ ನಿಂತಿದ್ದ ಹೆಂಗಸು ಅದನ್ನೇ ತೆಗೆದುಕೊಂಡು ಮುಂದಿನವರಿಗೆ ಕೊಟ್ಟಳು. ನೋಡಿದರೆ ಬೀದಿಯ ಎರಡೂ ಕಡೆ ಜನ ನಿಂತಿದ್ದಾರೆ, ಹತ್ತು ಹೆಜ್ಜೆಗೊಬ್ಬರು. ಮಧ್ಯಾಹ್ನದ ಮಾತು ಕೇಳಿಸಿಕೊಂಡವರೇ ಎಲ್ಲರೂ. ಇಪ್ಪತ್ತೊಂಬತ್ತು ವರ್ಷದಿಂದ ಬಿಟ್ಟುಹೋಗಿದ್ದ ಸಾಲುಕೂಗು ನನಗಿಂತ ಮುಂದೆ ಮುಂದೆ ಓಡುತ್ತಿತ್ತು. ಗಂಡಸರು, ಮಕ್ಕಳು, ವಾಲಗದವರು, ಎಂದೂ ನನ್ನ ಜೊತೆ ಮಾತಾಡದ ಹೂವಿನ ಪೇಟೆಯ ಶಾರದಮ್ಮ, ಎಲ್ಲರ ಬಾಯಲ್ಲೂ "ಅತ್ತೇ, ಬಂದೆ!" ಆ ದಿನ ಮಾತು ಒಂದಕ್ಷರವೂ ಬದಲಾಗಲಿಲ್ಲ. ಆ ಸಾಲಿನಲ್ಲಿ ನಿಂತಿದ್ದ ಒಬ್ಬೊಬ್ಬರ ಋಣವೂ ನನ್ನ ಮೇಲಿದೆ. ಮೂವತ್ತೊಂದು ವರ್ಷ ಅವರ ಮಕ್ಕಳ ಹೆಸರು ಕೂಗಿದೆ, ತೀರಲಿಲ್ಲ. ತೀರದಿದ್ದರೇ ಒಳ್ಳೆಯದು.

ಹಗೇವು ಬೀದಿಗೆ ತಿರುಗಿದಾಗ ಅತ್ತೆ ಮುಂಬಾಗಿಲಲ್ಲಿ ಕೋಲು ಊರಿ ನಿಂತಿದ್ದರು. ಹಿಂದೆ ದೀಪ ಹಚ್ಚಿತ್ತು. ಮಾತು ನನಗಿಂತ ಮುಂಚೆ ತಲುಪಿತ್ತು, ಅವರ ಮುಖದಲ್ಲೇ ಗೊತ್ತಾಯಿತು. ಹತ್ತು ಹೆಜ್ಜೆಯ ಒಳಗೆ ಬಂದೆ.

"ಎಷ್ಟೊತ್ತೇ?" ಎಂದರು. "ಸಾರು ಆರೋಯ್ತು."

"ನಲವತ್ತು ಚೀಟಿ ಇತ್ತು ಅತ್ತೆ."

"ಕೇಳಿಸ್ತು. ನಾಳೆಯಿಂದ ನಿನ್ನ ಚೀಟಿ ಕೊನೇಗೆ ಓದ್ಕೋ. ಇಷ್ಟೊತ್ತು ನಿಲ್ಲೋಕೆ ನನ್ನ ಮಂಡಿ ಕೇಳಲ್ಲ."

ಒಂದು ಸಲ ಕರೆದರೆ ಸಾಕಾಗಿತ್ತು. ಕಟ್ಟಳೆ ಅಷ್ಟೇ ಹೇಳುತ್ತದೆ. ಆದರೆ ಅವರು ಇರುವವರೆಗೂ, ಹನ್ನೆರಡು ವರ್ಷ, ದಿನಾ ಚೀಟಿ ಬಂತು, ದಿನಾ ಕೊನೆಗೆ ನನ್ನ ಹೆಸರು ನಾನೇ ಓದಿಕೊಂಡೆ. ಅದು ಆಮೇಲಿನ ಮಾತು. ಅವತ್ತು ನಾನು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟೆ, ಎಡವಿದೆ. ಮುಂಬಾಗಿಲ ಹೊಸಿಲು ಹಿತ್ತಲಿನದಕ್ಕಿಂತ ಎತ್ತರ. ದಿನಾ ರಂಗೋಲಿ ಹಾಕಿದ ಕೈಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಮುಗ್ಗರಿಸಿದವಳ ತೋಳನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು.

"ಹೊಸಿಲು ಎತ್ತರ ಇದೆ ಕಣೇ ನಮ್ಮನೇಲಿ, ನೋಡ್ಕೊಂಡು ಬಾ" ಎಂದರು, ಹೊಸ ಸೊಸೆಗೆ ಹೇಳುವ ಹಾಗೆ.